ಪಟ್ಟದ ಕಲ್ಲು, ಸೆರಗಿನ ಕೊಂಡಿ

“ಪಟ್ಟ ಕಟ್ಟೂದು ನೋಡಾಕ ಅಲ್ಲೀತನಾ ಯಾಕ ಹೋಗಬೇಕೋ? ಪಟ್ಟದಕಲ್ಲು ಇಲ್ಲೇ ಐತಲ್ಲ!”

2009ರ ಜನವರಿ. ಬರಾಕ್ ಒಬಾಮ ಪ್ರಮಾಣವಚನ ತೆಗೆದುಕೊಳ್ಳುವುದನ್ನು ನೋಡಲು ವಾಷಿಂಗ್ಟನ್ನಿನ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆಂದು ಇಳಕಲ್ಲಿಗೆ ಫೋನ್ ಹಚ್ಚಿದರೆ ಅವ್ವ ಹೀಗೆ ಕೇಳಿದಳು. ಅವಳ ಲೆಕ್ಕ ತಪ್ಪಲ್ಲ. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಜಾಗವೆಂದೇ ಊರಿಗೆ ಆ ಹೆಸರು. ಬಾದಾಮಿಯಿಂದ 22 ಕಿಲೋಮೀಟರ್. ಬಾಗಲಕೋಟೆಯಲ್ಲಿ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನಾನು ಅಲ್ಲಿಗೆ ಹೋದದ್ದು ಒಂದೇ ಸಲ, ಅದೂ ಗೆಳೆಯನ ಹೊಸ ಬೈಕು ಹೇಗೆ ಓಡುತ್ತದೆಂದು ನೋಡಲು.

ಅಮೆರಿಕದಲ್ಲಿ ಎಂ.ಎಸ್. ಓದುವಾಗ ನಾನು ಎರಡು ತಂತ್ರಾಂಶ ಕೈಗೆತ್ತಿಕೊಂಡಿದ್ದೆ. ಒಂದು, ಇಳಕಲ್ಲಿನಿಂದ ಹುನಗುಂದಕ್ಕೆ ಟಂಟಂ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಹೇಳುವಂಥದ್ದು. ಟಂಟಂ ತುಂಬಿದಾಗ ಹೊರಡುತ್ತದೆ. ಇಷ್ಟು ತಿಳಿಯಲು ಕಂಪ್ಯೂಟರ್ ಬೇಕಿಲ್ಲವೆಂದು ಹೊಳೆಯುವಷ್ಟರಲ್ಲಿ ಒಂದು ಸೆಮಿಸ್ಟರ್ ಮುಗಿದಿತ್ತು.

ಎರಡನೆಯದು ಇಳಕಲ್ ಸೀರೆ ಬಿಡಿಸುವ ತಂತ್ರಾಂಶ. ಕೆಂಪು ಸೆರಗು, ಅದರ ಮೇಲೆ ಬಿಳಿ ತೆನಿ. ಒಡಲಿನ ಬಣ್ಣ ನಿಮ್ಮಿಷ್ಟ. ರಜೆಗೆ ಬಂದಾಗ ಓಣಿಯ ನೇಕಾರ ಕಾಕಾನಿಗೆ ತೋರಿಸಿದೆ. ಲ್ಯಾಪ್‌ಟಾಪಿನ ಪರದೆಯನ್ನು ಬಟ್ಟೆಯಂತೆ ಹೆಬ್ಬೆರಳಿನಿಂದ ಸವರಿ ನೋಡಿ ಹೇಳಿದ: “ಚಂದ ಐತಿ ತಮ್ಮಾ. ಕೊಂಡಿ ಎಲ್ಲೈತಿ?”

ಕೊಂಡಿಯೇ ಇಳಕಲ್ ಸೀರೆಯ ಜೀವ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ಬೆಳೆಯುವುದು. ನಾನಾದರೋ ಎರಡು ಚಿತ್ರ ಪಕ್ಕಪಕ್ಕ ಅಂಟಿಸಿ ಸೀರೆ ಎಂದಿದ್ದೆ.

“ಒಂದು ಎಳಿ ತಪ್ಪಿದ್ರ ಏನ್ ಮಾಡ್ತಿ ಕಾಕಾ?”

“ಬಿಚ್ಚೂದು, ಮತ್ತ ಹಾಕೂದು. ನಾಚಿಗಿ ಏನೈತಿ ಅದರಾಗ?”

ಜನವರಿ 20. ವಾಷಿಂಗ್ಟನ್ನಿನಲ್ಲಿ ಮೈ ಕೊರೆಯುವ ಚಳಿ, ಎತ್ತ ನೋಡಿದರೂ ಜನ. ಬನಶಂಕರಿ ಜಾತ್ರೆಯಲ್ಲಿ ತೇರು ಎಳೆದವನೆಂಬ ಧೈರ್ಯದಿಂದ ನುಗ್ಗಿದೆ. ಜನ ಇಲ್ಲಿಯೂ ಅಷ್ಟೇ, ಗಿರಮಿಟ್ ಮಾತ್ರ ಇಲ್ಲ. ಪಕ್ಕದಲ್ಲಿದ್ದ ಅಜ್ಜಿಗೆ ನಮ್ಮ ಜಿಲ್ಲೆಯವರೂ ರಾಷ್ಟ್ರಪತಿ ಆಗಿದ್ದರೆಂದು ಹೇಳಿದೆ. ಸಾವಳಗಿಯ ಬಿ.ಡಿ. ಜತ್ತಿ 1977ರಲ್ಲಿ ಸುಮಾರು ಐದು ತಿಂಗಳು ಆ ಹೊಣೆ ಹೊತ್ತಿದ್ದರು. ‘ಹಂಗಾಮಿ’ ಎಂಬ ಮಾತನ್ನು ಗಾಳಿಗೆ ಬಿಟ್ಟೆ.

ಒಬಾಮ ನನಗೆ ಕಂಡದ್ದು ದೊಡ್ಡ ಪರದೆಯ ಮೇಲೆ. ಪ್ರಮಾಣವಚನದಲ್ಲಿರುವುದು 35 ಇಂಗ್ಲಿಷ್ ಪದ. ಬೋಧಿಸುತ್ತಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ‘ನಿಷ್ಠೆಯಿಂದ’ ಎಂಬ ಪದವನ್ನು ಇರಬೇಕಾದಲ್ಲಿ ಇಡದೆ ಮುಂದೆ ಹೋದರು. ಒಬಾಮ ತಡೆದು ನಿಂತರು, ನಕ್ಕರು, ಇಬ್ಬರೂ ತಡವರಿಸಿ ದಾಟಿದರು. ಮರುದಿನ ಸಂಜೆ ಶ್ವೇತಭವನದೊಳಗೆ, ಯಾವ ಗದ್ದಲವೂ ಇಲ್ಲದೆ, ಅದೇ 35 ಪದಗಳನ್ನು ಮತ್ತೊಮ್ಮೆ, ಸಾವಕಾಶವಾಗಿ ಹೇಳಿ ಮುಗಿಸಿದರು.

ಕಾಕಾನಿಗೆ ಫೋನಿನಲ್ಲಿ ಇದನ್ನೆಲ್ಲ ವರದಿ ಮಾಡಿದೆ.

“ಮತ್ತ ಹಾಕಿದ್ರಲ್ಲ? ಹಂಗಾರ ತಾಳತೈತಿ ಬಿಡು,” ಅಂದ.

ನನ್ನ ಪರದೆಯ ಸೀರೆಗೆ ಕೊಂಡಿ ಇನ್ನೂ ಕೂತಿಲ್ಲ. ಬಿಚ್ಚುತ್ತಿದ್ದೇನೆ.