ಸೆಕೆಂಡಿಗೆ ಹನ್ನೆರಡು

ಹಳೆಯ ಕಂಪ್ಯೂಟರ್ ನಿಧಾನವಾದರೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ವಯಸ್ಸಾಯ್ತು, ಪಾಪ’ ಅಂದುಕೊಂಡು, ಅದು ಆನ್ ಆಗುವಷ್ಟರಲ್ಲಿ ಒಂದು ಕಾಫಿ ಕುಡಿದು ಬರುತ್ತೇವೆ. ಅದೇ ಕಂಪ್ಯೂಟರಿಗೆ ಮೂವತ್ತು ಸಾವಿರ ಸುರಿದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ನಿಧಾನವಾಯಿತೋ, ಅದು ಯಂತ್ರದ ಸಮಸ್ಯೆಯಾಗಿ ಉಳಿಯುವುದಿಲ್ಲ, ಹಾಕಿಸಿದವನ ಬುದ್ಧಿಯ ಸಮಸ್ಯೆಯಾಗುತ್ತದೆ.

ಹಾಕಿಸಿದವನು ನಾನು. ಐವತ್ತರ ಹತ್ತಿರಕ್ಕೆ ಬಂದಿದ್ದೇನೆ, ಸರ್ಕಾರಿ ಕೆಲಸದಲ್ಲಿದ್ದೇನೆ, ರಾತ್ರಿ ಊಟವಾದ ಮೇಲೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೌಂಟರ್-ಸ್ಟ್ರೈಕ್ ಆಡುತ್ತೇನೆ. ನೆಂಟರಿಷ್ಟರಿಗೆಲ್ಲ ಇದು ಗೊತ್ತು. ‘ಕುಡಿಯೋದಿಲ್ಲ, ಸೇದೋದಿಲ್ಲ, ಇದೊಂದು ಇದೆ’ ಎಂದು ನನ್ನ ಹೆಂಡತಿ ಬಂದವರಿಗೆ ಸಮಾಧಾನ ಹೇಳುತ್ತಾಳೆ; ಸಮಾಧಾನ ಬಂದವರಿಗೋ ತನಗೋ ಗೊತ್ತಿಲ್ಲ. 2019ರಲ್ಲಿ ಬಂದ 1650 ಕಾರ್ಡಿನಲ್ಲಿ ಇಷ್ಟು ವರ್ಷ ಕಾಲ ತಳ್ಳಿದ್ದೆ. ಅದರಲ್ಲಿ ಸೈಬರ್‌ಪಂಕ್ 2077 ಎಂಬ ಆಟ ಹಾಕಿದರೆ ಎಲ್ಲ ಸೆಟ್ಟಿಂಗನ್ನೂ ಕೆಳಕ್ಕಿಳಿಸಿ, ಮಳೆ, ನೆರಳು, ಜನಸಂದಣಿ ಎಲ್ಲ ಕಡಿಮೆ ಮಾಡಿಸಿ, ಸೆಕೆಂಡಿಗೆ 40 ಫ್ರೇಮ್ ಸಿಗುತ್ತಿತ್ತು. ಹೀಗಿರುವಾಗ ಅರಿಯರ್ಸ್ ಬಂತು. ಅರಿಯರ್ಸ್ ಬಂದಾಗ ಮನುಷ್ಯನಿಗೆ ಮೊದಲು ಹೋಗುವುದು ವಿವೇಕ.

ಎಸ್.ಪಿ. ರೋಡಿಗೆ ಹೋದೆ. ಆ ಗಲ್ಲಿಗಳಲ್ಲಿ ನಡೆಯುವುದೇ ಒಂದು ಆಟ. ಹಿಂದಿನಿಂದ ಸ್ಕೂಟರ್, ಮುಂದಿನಿಂದ ತಲೆಯ ಮೇಲೆ ಮಾನಿಟರ್ ಡಬ್ಬ ಹೊತ್ತವನು, ಪಕ್ಕದಿಂದ ‘ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸಿಸಿ ಕ್ಯಾಮೆರಾನಾ’ ಎಂದು ತೋಳು ಹಿಡಿಯುವವನು. ಎಲ್ಲರಿಂದ ತಪ್ಪಿಸಿಕೊಂಡು 4060 ಕಾರ್ಡು, ಜೊತೆಗೆ 165 ಹರ್ಟ್ಸ್‌ನ ಮಾನಿಟರು, ‘ಇಷ್ಟಕ್ಕೆ ಇದೂ ಇರಲಿ’ ಅಂತ ಎರಡು ಕಡ್ಡಿ ರ‍್ಯಾಮ್ ತಂದೆ. ಅಂಗಡಿಯ ಹುಡುಗ ಮನೆಗೇ ಬಂದು ಜೋಡಿಸಿ, ಪರದೆಯ ಮೇಲೆ ಚಿತ್ರ ಬಂದದ್ದು ತೋರಿಸಿ, ಕಾಫಿ ಕುಡಿದು ಹೋದ. ಚಿತ್ರ ಬಂದರೆ ಅವನ ಕೆಲಸ ಮುಗಿಯಿತು. ನನ್ನದು ಶುರುವಾಯಿತು.

ಆಟ ಹಾಕಿ, ಧಾರಾಳವಾಗಿ ಎಲ್ಲ ಸೆಟ್ಟಿಂಗನ್ನೂ ಮೇಲಕ್ಕೇರಿಸಿದೆ. ಮೂಲೆಯಲ್ಲಿ ಅಂಕಿ ಕಾಣಿಸಿತು: 12. ಏನೋ ಲೋಡ್ ಆಗುತ್ತಿರಬೇಕು ಎಂದು ಕಾದೆ. 11 ಆಯಿತು. ನನ್ನ ವೀರ ರಸ್ತೆ ದಾಟಲು ಎತ್ತಿದ ಕಾಲು ಗಾಳಿಯಲ್ಲೇ ನಿಂತು, ಯೋಚಿಸಿ, ಆಚೆ ಬಿತ್ತು. ಹಿಂದೆ ನಿಂತು ನೋಡುತ್ತಿದ್ದ ಅಪ್ಪ ಕೇಳಿದರು:

“ಎಷ್ಟು ಬರಬೇಕೋ?”

“ಎಪ್ಪತ್ತು–ಎಂಬತ್ತಾದರೂ ಬರಬೇಕಪ್ಪ. ಮಾನಿಟರ್ ತಡೆಯೋದು 165.”

“ಬಂಗಾರದ ಮನುಷ್ಯ ಸೆಕೆಂಡಿಗೆ ಇಪ್ಪತ್ನಾಲ್ಕರಲ್ಲೇ ವರ್ಷಗಟ್ಟಲೆ ಓಡ್ತಲ್ಲೋ. ಅಣ್ಣಾವ್ರಿಗೆ ಸಾಲದೆ ಬರಲಿಲ್ಲ, ನಿನಗ್ಯಾಕೆ ಇಷ್ಟು?”

1972ರ ಸಿನಿಮಾವನ್ನು ಎದುರಿಗೆ ತಂದು ನಿಲ್ಲಿಸಿದರೆ ಯಾವ ಮಗ ತಾನೇ ಉತ್ತರ ಕೊಟ್ಟಾನು? ಉತ್ತರವೇನೋ ಇದೆ. ಸಿನಿಮಾದ ಕ್ಯಾಮೆರಾ ಒಂದೊಂದು ಫ್ರೇಮಿನಲ್ಲೂ ಚಲನೆಯನ್ನು ಸ್ವಲ್ಪ ಮಸುಕಾಗಿಯೇ ಹಿಡಿಯುತ್ತದೆ, ಕಣ್ಣು ಆ ಮಸುಕನ್ನು ಸೇರಿಸಿಕೊಂಡು ನಡಿಗೆ ಮಾಡಿಕೊಳ್ಳುತ್ತದೆ. ಮೇಲಾಗಿ ಸಿನಿಮಾ ನೋಡುವಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಆಟದಲ್ಲಿ ಮೌಸ್ ಸರಿಸುವವರು ನಾವೇ. ಸೆಕೆಂಡಿಗೆ 24 ಎಂದರೆ ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವೆ ಸುಮಾರು 42 ಮಿಲಿಸೆಕೆಂಡ್. 60 ಆದರೆ 17ಕ್ಕೂ ಕಡಿಮೆ. 165ಕ್ಕೆ ಆರೇ ಆರು. ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ, ಆ ತಡವನ್ನು ಹಿಡಿಯುವುದು ಕೈ. ಇಷ್ಟನ್ನೂ ಅಪ್ಪನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಸರಿ, ಈಗ ಹನ್ನೆರಡಲ್ವಾ ಬರ್ತಿರೋದು?” ಅಂದರು.

ಅಕ್ಕನ ಮಗನಿಗೆ ಫೋನ್ ಮಾಡಿದೆ. ಇಂಜಿನಿಯರಿಂಗ್ ಓದುತ್ತಾನೆ, ಅಂದರೆ ಹಾಸ್ಟೆಲಿನಲ್ಲಿ ಆಟ ಆಡುತ್ತಾನೆ. ಡ್ರೈವರ್ ಕೇಳಿದ. ಹಳೆಯ ಡ್ರೈವರನ್ನು ಬೇರುಸಹಿತ ಕೀಳುವ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಪುಕ್ಕಟೆ ತಂತ್ರಾಂಶ ಇದೆ. ಸೇಫ್ ಮೋಡಿನಲ್ಲಿ ಅದನ್ನು ಓಡಿಸಿ, ಹೊಸದು ಹಾಕಿದ್ದಾಯಿತು. 12. ವಿಂಡೋಸಿನ ಪವರ್ ಪ್ಲಾನ್ ನೋಡಿದ್ದಾಯಿತು. 12. ಆಮೇಲೆ ಏನೋ ಹೊಳೆದವನಂತೆ, “ಮಾಮ, ವೀಡಿಯೊ ಕಾಲ್ ಮಾಡಿ, ಕ್ಯಾಬಿನೆಟ್ ಹಿಂಭಾಗ ತೋರಿಸಿ” ಅಂದ.

ಕ್ಯಾಬಿನೆಟ್ಟಿನ ಹಿಂಭಾಗ ನೋಡುವುದೆಂದರೆ ಮೇಜಿನ ಕೆಳಗೆ ಅಡ್ಡ ಬಿದ್ದು, ಬಾಯಲ್ಲಿ ಟಾರ್ಚ್ ಕಚ್ಚಿ, ಒಂದು ಕೈಯಲ್ಲಿ ಫೋನ್ ಹಿಡಿಯುವುದು. ಅಲ್ಲಿ ಎರಡು ಊರುಗಳಿವೆ. ಮೇಲೆ ಕೀಬೋರ್ಡು, ಯುಎಸ್‌ಬಿ, ಸ್ಪೀಕರಿನ ಬಣ್ಣಬಣ್ಣದ ತೂತುಗಳ ಪಕ್ಕದಲ್ಲಿ ನಿಂತಿರುವ ಒಂದು ಎಚ್‌ಡಿಎಂಐ ಕಿಂಡಿ, ಅದು ಮದರ್‌ಬೋರ್ಡಿನದು. ಅದರಿಂದ ಒಂದು ಗೇಣು ಕೆಳಗೆ, ಅಡ್ಡಡ್ಡಲಾಗಿ ಮಲಗಿರುವ ಕಿಂಡಿಗಳ ಸಾಲು. ಅದು ಹೊಸ ಕಾರ್ಡಿನದು. ಕೇಬಲ್ಲು ಮೇಲಿನ ಊರಿನಲ್ಲಿತ್ತು. ಮೂವತ್ತು ಸಾವಿರದ ಕಾರ್ಡು ಕೆಳಗೆ ಎರಡು ಫ್ಯಾನ್ ಇಟ್ಟುಕೊಂಡು ತಣ್ಣಗೆ ಕೂತಿತ್ತು. ಪ್ರೊಸೆಸರಿನ ಒಳಗೇ, ಕಚೇರಿಯ ಪತ್ರ ಟೈಪ್ ಮಾಡಲು ಸಾಕಾಗುವಷ್ಟು ಶಕ್ತಿಯ ಒಂದು ಪುಟ್ಟ ಗ್ರಾಫಿಕ್ಸ್ ಇರುತ್ತದಲ್ಲ, ಆ ಬಡಪಾಯಿ ಒಂಟಿಯಾಗಿ ಇಡೀ ನಗರದ ಮಳೆಯನ್ನು ಬಿಡಿಸುತ್ತಿತ್ತು. ಅದನ್ನು ನೆನೆದರೆ 12 ದೊಡ್ಡ ಸಾಧನೆಯೇ. ಕೆಲವು ಬೋರ್ಡುಗಳು ಕಾರ್ಡು ಹಾಕಿದ ಕೂಡಲೇ ಮೇಲಿನ ಕಿಂಡಿಯನ್ನು ಮುಚ್ಚಿಬಿಡುತ್ತವೆ, ಚಿತ್ರವೇ ಬರುವುದಿಲ್ಲ, ತಪ್ಪು ತಕ್ಷಣ ಗೊತ್ತಾಗುತ್ತದೆ. ನಮ್ಮದು ಮರ್ಯಾದಸ್ಥ ಬೋರ್ಡು. ಯಾರು ಅಲ್ಲಿ ಚುಚ್ಚಿದರು ಎಂದರೆ, ಅಂಗಡಿಯ ಹುಡುಗ ಫೋನಿನಲ್ಲಿ ‘ನಾನಲ್ಲ ಸಾರ್’ ಅಂದ, ನನ್ನ ಹೆಂಡತಿ ‘ಗುಡಿಸುವಾಗ ನಾನು ಯಾವ ವೈರೂ ಮುಟ್ಟಿಲ್ಲ’ ಅಂದಳು, ಅಪ್ಪ ಪೇಪರ್ ಓದುತ್ತಿದ್ದರು.

ಕೇಬಲ್ ಕೆಳಗಿಳಿಸಿದ ಮೇಲೆ 45 ಬಂತು. ಸಂತೋಷಪಡಬೇಕಾದ ವಿಷಯವೇ, ಆದರೆ ಹಳೆಯ ಕಾರ್ಡಿನಲ್ಲೂ 40 ಬರುತ್ತಿತ್ತಲ್ಲ. ಐದು ಫ್ರೇಮಿಗೆ ಮೂವತ್ತು ಸಾವಿರ, ಒಂದಕ್ಕೆ ಆರು ಸಾವಿರ ಬಿತ್ತು ಎಂದು ಹೆಂಡತಿ ಬಾಯಿಲೆಕ್ಕ ಮಾಡಿ ಹೇಳಿದಳು. ಈಗ ಸೆಟ್ಟಿಂಗೆಲ್ಲ ಮೇಲಿದೆ, ಮಳೆ ಚೆನ್ನಾಗಿ ಬೀಳುತ್ತಿದೆ ಎಂಬ ನನ್ನ ವಾದ ನಿಲ್ಲಲಿಲ್ಲ.

ಇಲ್ಲಿಂದ ಮುಂದೆ ನನಗೆ ಈ ಯಂತ್ರಗಳ ಸ್ವಭಾವ ಅರ್ಥವಾಗತೊಡಗಿತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗವನ್ನು ಅವು ತಾವಾಗಿ ಕೊಡುವುದಿಲ್ಲ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. 165 ಎಂದು ಮಾರಿದ ಮಾನಿಟರು ವಿಂಡೋಸಿನಲ್ಲಿ 60ರಲ್ಲೇ ನಿಂತಿತ್ತು. ಡಿಸ್‌ಪ್ಲೇ ಸೆಟ್ಟಿಂಗಿನ ಒಳಗಿನ ಒಳಗೆ ಹೋಗಿ, ಪಟ್ಟಿ ಬಿಚ್ಚಿ, 165ನ್ನು ಆರಿಸಿದಾಗಷ್ಟೇ ‘ಓಹೋ, ನಿಮಗೆ ಬೇಕಿತ್ತಾ’ ಎನ್ನುವಂತೆ ಒಮ್ಮೆ ಕಣ್ಣು ಮಿಟುಕಿಸಿ ಒಪ್ಪಿತು. 3200 ಎಂದು ಬರೆಸಿಕೊಂಡ ರ‍್ಯಾಮು ಓಡುತ್ತಿದ್ದದ್ದು 2133ರಲ್ಲಿ. ಯಾವ ಬೋರ್ಡಿಗೆ ಹಾಕಿದರೂ ಮೊದಲು ಏಳಲಿ ಎಂದು ಎಲ್ಲರೂ ಒಪ್ಪಿದ ಕನಿಷ್ಠ ವೇಗದಲ್ಲಿ ಅದು ಶುರುವಾಗುತ್ತದೆ, ನಿಜವಾದ ವೇಗ ಎಕ್ಸ್‌ಎಂಪಿ ಎಂಬ ಹೆಸರಿನಲ್ಲಿ ಬಯಾಸಿನೊಳಗೆ ಮಲಗಿರುತ್ತದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಇಂಥದ್ದೇ ಒಂದು ಯಂತ್ರ ಇದ್ದಿರಬೇಕು.

ಬಯಾಸಿಗೆ ಹೋಗಲು ಕಂಪ್ಯೂಟರ್ ಏಳುವ ಹೊತ್ತಿಗೆ ಡಿಲೀಟ್ ಕೀ ಬಡಿಯುತ್ತಿರಬೇಕು. ನಾನು ಟಪಟಪ ಬಡಿಯುವುದನ್ನು ಕೇಳಿ ಹೆಂಡತಿ ಅಡುಗೆಮನೆಯಿಂದ ಸೌಟಿನೊಂದಿಗೆ ಓಡಿ ಬಂದಳು.

“ರೀ, ಅದರಲ್ಲಿ ನಾಮಕರಣದ ಫೋಟೋ ಎಲ್ಲ ಇದೆ, ಏನ್ ಡಿಲೀಟ್ ಮಾಡ್ತಿದೀರಿ?”

ಏನೂ ಹೋಗುವುದಿಲ್ಲ ಎಂದು ಹೇಳಿ ಎಕ್ಸ್‌ಎಂಪಿ ಆನ್ ಮಾಡಿ ಸೇವ್ ಒತ್ತಿದೆ. ಪರದೆ ಕಪ್ಪಾಯಿತು. ಹೊಸ ವೇಗಕ್ಕೆ ರ‍್ಯಾಮನ್ನು ಹೊಂದಿಸಿಕೊಳ್ಳಲು ಬೋರ್ಡು ಕೊಂಚ ಹೊತ್ತು ಹೀಗೆ ಮೌನ ವಹಿಸುತ್ತದೆ, ತಾನೇ ಒಮ್ಮೆ ಆರಿ ಹೊತ್ತಿಕೊಳ್ಳುವುದೂ ಉಂಟು. ಇದು ಪುಸ್ತಕದಲ್ಲಿ ಓದಲು ಚೆನ್ನ. ಸೌಟು ಹಿಡಿದವರು ಪಕ್ಕದಲ್ಲಿರುವಾಗ ಆ ಕಪ್ಪು ಪರದೆಯ ಮುಂದೆ ಕೂತಿರುವುದು ಬೇರೆ. ಅದು ಎದ್ದ ಮೇಲೆ, ಎರಡು ಕಡ್ಡಿಗಳೂ ಅಕ್ಕಪಕ್ಕದ ಮನೆಯಲ್ಲಿ ಕೂತಿದ್ದದ್ದೂ ಗೊತ್ತಾಯಿತು. ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿದ್ದರೆ ಎರಡು ದಾರಿಯಲ್ಲೂ ದತ್ತಾಂಶ ಓಡಾಡುತ್ತದೆ ಎಂದು ಬೋರ್ಡಿನ ಕೈಪಿಡಿಯಲ್ಲಿ ಚಿತ್ರಸಹಿತ ಇದೆ. ಕೈಪಿಡಿ ಡಬ್ಬದಲ್ಲಿತ್ತು. ಡಬ್ಬ ಅಟ್ಟದ ಮೇಲಿತ್ತು.

ವೇಗ ಹೆಚ್ಚಾಯಿತೆಂದು ತಲೆ ಚಚ್ಚಿಕೊಳ್ಳುವ ಕಾಲವೂ ಒಂದಿತ್ತು. ತೊಂಬತ್ತರ ದಶಕದ ಮೊದಲಿಗೆ ನಮ್ಮೂರಿನ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಏಸಿ ರೂಮಿನ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಕೂತು ಆಡುತ್ತಿದ್ದೆವು. 1981ರ ಐಬಿಎಂ ಪಿಸಿಯ ಗಡಿಯಾರ 4.77 ಮೆಗಾಹರ್ಟ್ಸ್; ಎಷ್ಟೋ ಹಳೆಯ ಆಟಗಳು ಅದೇ ವೇಗವನ್ನು ನಂಬಿಕೊಂಡು ಬರೆದಂಥವು. ಆಮೇಲಿನ ಚುರುಕಾದ ಯಂತ್ರಕ್ಕೆ ಹಾಕಿದರೆ ವೈರಿಗಳೆಲ್ಲ ಹುಚ್ಚು ಹಿಡಿದವರಂತೆ ಓಡಿ, ನಾವು ಕೀ ಮುಟ್ಟುವ ಮೊದಲೇ ಸತ್ತಿರುತ್ತಿದ್ದೆವು. ಅದಕ್ಕೇ ಕ್ಯಾಬಿನೆಟ್ಟಿನ ಮುಂದೆ ‘ಟರ್ಬೊ’ ಎಂಬ ಗುಂಡಿ ಇತ್ತು. ಅದನ್ನು ಆಫ್ ಮಾಡಿದರೆ ಯಂತ್ರ ನಿಧಾನವಾಗುತ್ತಿತ್ತು. ಗುಂಡಿ ಇಟ್ಟದ್ದರ ಉಪಯೋಗವೇ ಅದು. ಪಕ್ಕದಲ್ಲಿ ಕೆಂಪಾಗಿ ಹೊಳೆಯುವ 33, 66ರಂಥ ಅಂಕಿ. ಅದು ಏನನ್ನೂ ಅಳೆಯುತ್ತಿರಲಿಲ್ಲ; ಜೋಡಿಸುವವನು ಪುಟ್ಟ ಜಂಪರುಗಳನ್ನು ಹೇಗೆ ಇಟ್ಟರೆ ಹಾಗೆ ಅಂಕಿ ತೋರುತ್ತಿತ್ತು. ನಾವು ಅದನ್ನು ಭಕ್ತಿಯಿಂದ ನೋಡುತ್ತಿದ್ದೆವು.

ಈಗಿನ ಮೂಲೆಯ ಅಂಕಿ ನಿಜ ಹೇಳುತ್ತದೆ, ಅದೇ ತೊಂದರೆ. ಕಡ್ಡಿಗಳನ್ನು ಸರಿಪಡಿಸಿದ ಮೇಲೆ ಆಟ ಶುರುವಾದಾಗ 70 ಇದ್ದದ್ದು, ಕಾಲು ಗಂಟೆಗೆ 50ಕ್ಕೆ ಇಳಿಯುತ್ತಿತ್ತು. ಉಷ್ಣಾಂಶ ತೋರಿಸುವಂತೆ ಮಾಡಿದರೆ ಪ್ರೊಸೆಸರ್ 100 ಡಿಗ್ರಿ! ಅಷ್ಟಾದರೆ ಅದು ಪ್ರಾಣ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ, ತಪ್ಪಿಲ್ಲ. ತಪ್ಪು ನಮ್ಮ ಕಂಪ್ಯೂಟರ್ ಮೇಜಿನದು. ಮನೆ ಕಟ್ಟಿಸಿದಾಗ ಆಚಾರಿಗಳು ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟದ್ದು. ಕ್ಯಾಬಿನೆಟ್ಟಿಗೆಂದೇ ಒಂದು ಗೂಡು, ಮೂರು ಕಡೆ ಹಲಗೆ, ಹಿಂದೆ ಗೋಡೆ, ಮುಂದೆ ಬಾಗಿಲು, ಬಾಗಿಲಿಗೆ ಬೀಗ. ಹಳೆಯ ಕಾರ್ಡು ಹೆಚ್ಚೆಂದರೆ 75 ವ್ಯಾಟ್ ತಿನ್ನುತ್ತಿತ್ತು, ಹೊಸದು 115. ತಿಂದದ್ದೆಲ್ಲ ಬಿಸಿಗಾಳಿಯಾಗಿ ಅದೇ ಗೂಡಿನಲ್ಲಿ ಸುತ್ತುತ್ತಿತ್ತು. ಕ್ಯಾಬಿನೆಟ್ ಹೊರಗೆಳೆದು ಬಿಚ್ಚಿದೆ. ಮುಂದಿನ ಜಾಲರಿಯ ತೂತುಗಳಲ್ಲಿ ಆಯುಧಪೂಜೆಯ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಪಕ್ಕದ ದೇವರ ಕೋಣೆಯ ಊದುಬತ್ತಿ ಹೊಗೆಯ ಜಿಗುಟು, ಅದರ ಮೇಲೆ ಧೂಳು. ಒಂದು ಒಣ ಸೇವಂತಿಗೆ ದಳವೂ ಸಿಕ್ಕಿತು. ಪ್ರೊಸೆಸರಿನ ಮೇಲಿನ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದು ತೂತಿಗೆ ಪೂರ್ತಿ ಇಳಿಯದೆ, ಬೆರಳಿಟ್ಟರೆ ಆಡುತ್ತಿತ್ತು. ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಬಟಾಣಿಯಷ್ಟು ಹಾಕಿ, ಕಾಲನ್ನು ಅಂಗೈಯಲ್ಲಿ ಒತ್ತಿದೆ. ‘ಟಕ್’ ಅಂತು. ಆ ‘ಟಕ್’ಗೆ ಇಪ್ಪತ್ತು ಡಿಗ್ರಿ ಇಳಿಯಿತು. ಮೇಜಿನ ಬಾಗಿಲು ಕಳಚಿ ಅಟ್ಟಕ್ಕೆ ಸೇರಿಸಿದೆ, ಕೈಪಿಡಿಗೆ ಜೊತೆಯಾಯಿತು.

ಸೈಬರ್‌ಪಂಕ್ 75ರ ಆಸುಪಾಸಿನಲ್ಲಿ ನಿಂತಿತು. ಆದರೆ ಕೌಂಟರ್-ಸ್ಟ್ರೈಕ್ ಹಾಕಿದರೆ ಒಂದು ವಿಚಿತ್ರ: ಕಾರ್ಡಿನ ಬಳಕೆ ಶೇಕಡ 50ರ ಮೇಲೆ ಏಳದು. ರೆಸಲ್ಯೂಶನ್ ಇಳಿಸಿ ನೋಡಿ ಎಂದ ಅಕ್ಕನ ಮಗ. ಇಳಿಸಿದರೂ ಫ್ರೇಮ್ ಅಷ್ಟೇ. ಅಂದರೆ ಕಾರ್ಡಿನ ತಪ್ಪಲ್ಲ, ಪ್ರೊಸೆಸರೇ ಕಾರ್ಡಿಗೆ ಕೆಲಸ ಕೊಡಲು ತಡ ಮಾಡುತ್ತಿದೆ. ಮದುವೆ ಪಂಕ್ತಿಯಲ್ಲಿ ಹುಳಿ ಬಡಿಸುವವನು ಎಷ್ಟೇ ಚುರುಕಾಗಿರಲಿ, ಅನ್ನದವನು ಇನ್ನೂ ಮೂರನೇ ಎಲೆಯಲ್ಲಿ ನೆಂಟರ ಯೋಗಕ್ಷೇಮ ವಿಚಾರಿಸುತ್ತಿದ್ದರೆ, ಹುಳಿಯವನು ಬಕೆಟ್ ಹಿಡಿದು ನಿಲ್ಲಬೇಕಷ್ಟೆ. ಬಕೆಟ್ ದೊಡ್ಡದು ತಂದು ಪ್ರಯೋಜನವಿಲ್ಲ. ಕೆಲಸದ ಒಂದು ಭಾಗವನ್ನು ಮಾತ್ರ ಎಷ್ಟು ಚುರುಕು ಮಾಡಿದರೂ ಉಳಿದ ಭಾಗ ಕಾಲು ಹಿಡಿದೆಳೆಯುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ವಾದಿಸಿದ್ದರು. ಎಸ್.ಪಿ. ರೋಡಿನಲ್ಲಿ ಈ ಮಾತನ್ನು ಯಾರೂ ಬೋರ್ಡು ಬರೆಸಿ ಹಾಕಿಲ್ಲ.

“ಹಾಗಾದ್ರೆ ಪ್ರೊಸೆಸರ್ ಬದಲಾಯಿಸೋಣ್ವೇನೋ?”

“ಬದಲಾಯಿಸಬಹುದು ಮಾಮ. ಆದ್ರೆ ನಿಮ್ಮ ಬೋರ್ಡಿಗೆ 11ನೇ ಪೀಳಿಗೆಯೇ ಕೊನೆ. ಮುಂದಿನದು ಬೇಕಂದ್ರೆ ಬೋರ್ಡೂ ಬೇರೆ ಆಗುತ್ತೆ. ಬೋರ್ಡ್ ಬದಲಾಯಿಸೋರು ಡಿಡಿಆರ್5 ರ‍್ಯಾಮೇ ಹಾಕಿಸ್ಕೋತಾರೆ. ಹೊಸ ಪ್ರೊಸೆಸರಿನ ಬಿಸಿಗೆ ಒಳ್ಳೆ ಕೂಲರ್. ಕೂಲರ್ ಎತ್ತರಕ್ಕೆ ದೊಡ್ಡ ಕ್ಯಾಬಿನೆಟ್.”

“ಹಳೆಯದರಲ್ಲಿ ಏನು ಉಳಿಯುತ್ತೆ?”

“ಕಾರ್ಡ್ ಉಳಿಯುತ್ತೆ,” ಅಂದ. ಸ್ವಲ್ಪ ಯೋಚಿಸಿ, “ಅದೂ ಅಷ್ಟೊತ್ತಿಗೆ ಹಳೇದಾಗಿರುತ್ತೆ,” ಅಂದ.

ಸದ್ಯಕ್ಕೆ ಬೇಡ ಎಂದಿದ್ದೇನೆ. ಕೌಂಟರ್-ಸ್ಟ್ರೈಕಿನಲ್ಲಿ ನಾನು ಸಾಯುವ ಪ್ರಮಾಣದಲ್ಲಿ ಏನೂ ಏರುಪೇರಾಗಿಲ್ಲ. ಯಾರು ಹೊಡೆದರು ಎಂಬುದು ಮಾತ್ರ ಈಗ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟೆಲ್ಲದರಿಂದ ನಿಜವಾಗಿ ಖುಷಿಯಾದವರು ಅಪ್ಪ. ಒಂದು ಸಂಜೆ ಸಾಲಿಟೇರ್ ಆಡಲು ಕೂತವರು, ಮೌಸಿನಿಂದ ರಾಣಿಯನ್ನು ಎತ್ತಿ ರಾಜನ ಮೇಲಿಟ್ಟು, ಮತ್ತೆ ಎತ್ತಿ ಮತ್ತೆ ಇಟ್ಟು ನೋಡಿದರು. “ಎಲೆ ಕೈಗೇ ಅಂಟಿಕೊಂಡು ಬರುತ್ತಲ್ಲೋ, ಮೊದಲು ಎಳೆದ ಹಾಗೆ ಬರ್ತಿತ್ತು” ಅಂದರು. ಇಪ್ಪತ್ನಾಲ್ಕರ ಮಾತು ಆಮೇಲೆ ಎತ್ತಿಲ್ಲ. ಸಂಜೆ ಕಾಫಿಯಿಂದ ರಾತ್ರಿ ಊಟದವರೆಗೆ ಕಂಪ್ಯೂಟರ್ ಈಗ ಅವರದೇ. ನಾನು ಪಕ್ಕದ ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ಪ್ರೊಸೆಸರುಗಳ ಬೆಲೆ ನೋಡುತ್ತಿರುತ್ತೇನೆ, ಸುಮ್ಮನೆ.