ಸೆಟ್ಟಿನ ಸಂಸಾರ

ಇಂಗ್ಲಿಷಿನ ‘ಸೆಟ್’ ನಮ್ಮ ಮನೆಗೆ ಬಾಡಿಗೆಗೆ ಬಂದು ಈಗ ಯಜಮಾನಿಕೆ ನಡೆಸುತ್ತಿದೆ. “ರೀ, ಹಿಟ್ಟು ಹುದುಗಿಲ್ಲ, ಮೊಸರೂ ಸೆಟ್ ಆಗಿಲ್ಲ, ಎರಡು ಸೆಟ್ ಸೆಟ್‌ದೋಸೆ ಕಟ್ಟಿಸ್ಕೊಂಡು ಬನ್ನಿ” ಎಂದು ಹೆಂಡತಿ ಹೇಳುವಾಗ ನಡುವೆ ಉಸಿರಾಡಲು ಕನ್ನಡಕ್ಕೂ ಜಾಗವಿಲ್ಲ, ನನಗೂ ಇಲ್ಲ.

ಅಂದಹಾಗೆ, ಒಂದು ಸೆಟ್ ಎಂದರೆ ಎಷ್ಟು ದೋಸೆ? ಒಂದು ಹೋಟೆಲಿನಲ್ಲಿ ಮೂರು, ಪಕ್ಕದ ರಸ್ತೆಯಲ್ಲಿ ಎರಡು. ಮೈಯೆಲ್ಲ ತೂತಾಗಿ ಸಾಗು ಹೀರಿಕೊಂಡು ಮಲಗಿರುವ ಆ ಮೆತ್ತನೆ ದೋಸೆಯ ಮುಂದೆ ಲೆಕ್ಕ ಕೇಳುವ ಧೈರ್ಯ ಯಾರಿಗಿದೆ! ಕೆಲವೆಡೆ ‘ಸಿಂಗಲ್ ಸೆಟ್’ ಕೂಡ ಸಿಗುತ್ತದೆ. ಒಂದೇ ಇದ್ದರೆ ಅದು ಹೇಗೆ ಸೆಟ್ಟು ಎಂದು ಕ್ಯಾಷಿಯರನ್ನು ಕೇಳಿದೆ. “ಚಿಲ್ಲರೆ ಕೊಡಿ ಸಾರ್” ಎಂದರು.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ 430ರಷ್ಟು ಅರ್ಥಗಳಿದ್ದವು. ಆಮೇಲೆ ‘ರನ್’ 645 ಬಾರಿಸಿ ದಾಖಲೆ ಮುರಿಯಿತಂತೆ. ಆದರೆ ಆ ಪಂಡಿತರು ನಮ್ಮ ಅಣ್ಣನ ಫೋನ್ ಕೇಳಿಲ್ಲ. “ಪಂಪ್‌ಸೆಟ್ ಸುಟ್ಟೋಯ್ತು ಕಣೋ, ಮಗಳ ಸಂಬಂಧ ಸೆಟ್ ಆಯ್ತು, ಇಬ್ರಿಗೂ ಚೆನ್ನಾಗಿ ಸೆಟ್ ಆಗುತ್ತೆ, ಒಂದು ಸೆಟ್ ಬಳೆ ತಗೊಂಡು ಬಾ.” ಸಂತಾಪ ಮೊದಲೋ ಅಭಿನಂದನೆ ಮೊದಲೋ ತೋಚದೆ ಎರಡಕ್ಕೂ ಸೇರಿಸಿ “ಹೌದಾ!” ಎಂದೆ.

ಮದುವೆಗೆಂದು ಕ್ಷೌರದಂಗಡಿಗೆ ಹೋಗಿ “ಸ್ವಲ್ಪ ಸೆಟ್ ಮಾಡಪ್ಪ” ಅಂದೆ. ಅವನು ನನ್ನ ತಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿ ಕೇಳಿದ: “ಮೀಸೇನಾ ಸಾರ್?”