ಅಕ್ಷರ ತಾತ

ಮೂರು ವರ್ಷ ತುಂಬಿದ ಮಗುವಿರುವ ಮನೆಯವರಿಗೆಲ್ಲ ಇವರ ಪರಿಚಯವಿರುತ್ತದೆ. ಮದುವೆ ಮನೆ, ಗೃಹಪ್ರವೇಶ, ಲಿಫ್ಟು, ಡಾಕ್ಟರ ಬಾಗಿಲು, ಎಲ್ಲಿ ಮಗು ಕಂಡರೂ ಇವರು ಬಗ್ಗುತ್ತಾರೆ. ಹೆಸರು ಕೇಳುವುದಿಲ್ಲ, ಊಟ ಆಯ್ತಾ ಅನ್ನುವುದಿಲ್ಲ. ಹತ್ತಿರದಲ್ಲೊಂದು ಬರಹ ಹುಡುಕಿ, ಅದರ ಮೇಲೆ ಬೆರಳಿಟ್ಟು, ‘ಇದ್ಯಾವ ಅಕ್ಷರ ಹೇಳು ಪುಟ್ಟಾ?’ ಅನ್ನುತ್ತಾರೆ. ಮಗು ಅಮ್ಮನ ಕಾಲಿನ ಹಿಂದೆ ಅಡಗುತ್ತದೆ. ಅಮ್ಮ ಪೆಚ್ಚಾಗಿ, ‘ಮನೇಲಿ ಎಲ್ಲಾ ಹೇಳ್ತಾನೆ ಅಂಕಲ್, ಹೊರಗೆ ಬಂದ್ರೆ ನಾಚ್ಕೆ’ ಅನ್ನುತ್ತಾಳೆ. ಈ ಮಾತು ಹೇಳದ ತಾಯಿ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ.

ಬೆಂಗಳೂರಿನ ಬನಶಂಕರಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅಂಥವರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರು. ದೊಡ್ಡವರಿಗೆ ರಾಯರು, ಮಕ್ಕಳಿಗೆ ಅಕ್ಷರ ತಾತ. ಅವರ ಕಾಟ ಮೂರನೇ ಮಹಡಿಯವರಿಗೆ ಒಂದು ಕೈ ಹೆಚ್ಚು. ಈ ಲೇಖಕರ ವಾಸವೂ ಅದೇ ಮಹಡಿಯಲ್ಲಿ ಎಂಬುದನ್ನು ಓದುಗರು ಗಮನಿಸದಿದ್ದರೆ ಉಪಕಾರ.

ತಾತನ ಜುಬ್ಬದ ಜೇಬಿನಲ್ಲಿ ಸದಾ ಬಳಪ. ತಲೆಯಲ್ಲಿ ಸದಾ ಲೆಕ್ಕ: ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49. ಇಂಗ್ಲಿಷಿನ 26 ಒಪ್ಪಿಸುವ ಮಗುವಿನಿಂದ ಇನ್ನೂ 49 ವಸೂಲಾಗಬೇಕಿದೆ ಎಂಬುದು ಅವರ ವಾದ. ಕಾಗುಣಿತ, ಒತ್ತಕ್ಷರ ಸೇರಿದರೆ ಈ ಸಾಲ ನೂರುಗಟ್ಟಲೆ ಬೆಳೆಯುತ್ತದೆ. ಕನ್ನಡದ ಮಕ್ಕಳ ಆರಂಭದ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಷ್ಟೂ ಅಕ್ಷರಗಳು ಹಿಡಿತಕ್ಕೆ ಬರಲು ಹಲವು ತರಗತಿಗಳೇ ಬೇಕು ಅನ್ನುತ್ತದೆ. ತಾತನಿಗೆ ಅಷ್ಟು ಪುರುಸೊತ್ತಿಲ್ಲ.

ಅವರ ಕೈಗೆ ಹೆಚ್ಚಾಗಿ ಸಿಕ್ಕಿಬೀಳುವವನು ಗಗನ್. ಮೂರೂವರೆ ವರ್ಷ. ಅವನಿಗೆ ‘ಗ’ ಗೊತ್ತು. ಮಕ್ಕಳು ಬೇಗ ಗುರುತು ಹಿಡಿಯುವುದು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಎಂದು ಸಂಶೋಧಕರೂ ಹೇಳುತ್ತಾರೆ. ಗಗನ್‌ನ ಪ್ರಕಾರ ಊರಿನ ಯಾವ ಬೋರ್ಡಿನಲ್ಲಿ ‘ಗ’ ಇದ್ದರೂ ಅದು ಅವನದೇ. ‘ಗಣೇಶ ಭವನ’ ಕಂಡರೂ ‘ನಂದು’ ಅನ್ನುತ್ತಾನೆ.

ಕಳೆದ ವೈಶಾಖದಲ್ಲಿ ಒಂದು ಛತ್ರದ ಮದುವೆ. ಗಗನ್‌ನ ಅಪ್ಪ ಮಗನನ್ನು ಎತ್ತಿಕೊಂಡು ಊಟದ ಹಾಲಿನಿಂದ ಓಡಿ ಬಂದರು. ಓಟದ ಕಾರಣ ಮಗುವಿನ ಮುಖದಲ್ಲೇ ಬರೆದಿತ್ತು. ಶೌಚಾಲಯದ ಬಾಗಿಲಲ್ಲಿ ತಾತ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಮೇಲೆ ದೊಡ್ಡದಾಗಿ ‘ಪುರುಷರು’ ಎಂಬ ಫಲಕ. ತಾತನ ಕಣ್ಣು ಅರಳಿತು. ‘ಒಂದೇ ಪದದಲ್ಲಿ ಪ ಇದೆ, ಷ ಇದೆ, ಇಂಥ ಪದ ಸಿಗಲ್ಲ ಕಣ್ರೀ! ಪುಟ್ಟಾ, ಮೊದಲನೇದು ಏನು ಹೇಳು?’

‘ಸುಸ್ಸು’ ಅಂದ ಗಗನ್.

‘ಸು ಅಲ್ಲ ಮರಿ, ಪು.’

ಅಪ್ಪ ‘ಸಾರ್, ಅರ್ಜೆಂಟು’ ಅಂದರು. ‘ಆಯ್ತು ಆಯ್ತು, ಇದೊಂದು ನೋಡಿಬಿಡಲಿ. ಇದು ಪ, ಅದು ಷ. ವ್ಯತ್ಯಾಸ ಏನು? ನಡುವೆ ಒಂದು ಗೀಟು. ಅದಕ್ಕೇ ಹೊಟ್ಟೆ ಸೀಳಿದ ಷ ಅನ್ನೋದು.’

ಗಗನ್ ಮೊದಲ ಸಲ ಆಸಕ್ತಿಯಿಂದ ತಲೆ ಎತ್ತಿದ. ‘ಯಾರು ಸೀಳಿದ್ದು?’

ತಾತ ನಿರುತ್ತರ. ಗಗನ್ ಫಲಕ ನೋಡಿದ, ಅದರ ಕೆಳಗಿನ ಕತ್ತಲ ಬಾಗಿಲು ನೋಡಿದ, ತನ್ನ ಹೊಟ್ಟೆ ಮುಟ್ಟಿಕೊಂಡ. ಒಳಗೆ ಹೋಗಲಾರೆನೆಂದು ಅಪ್ಪನ ಕುತ್ತಿಗೆ ಬಿಗಿಯಾಗಿ ತಬ್ಬಿದ. ಮುಂದಿನದನ್ನು ಅಪ್ಪನ ರೇಷ್ಮೆ ಪಂಚೆಯೇ ಹೇಳಬೇಕು.

ಇಷ್ಟಾದರೂ ತಾತನ ಉತ್ಸಾಹ ಕುಗ್ಗಲಿಲ್ಲ. ಒಂದು ಬೆಳಗ್ಗೆ ಹಾಲಿನ ನೀಲಿ ಪ್ಯಾಕೆಟ್ ನೋಡಿ ಗಗನ್ ‘ನಂದಿನಿ’ ಅಂದಾಗ ತಾತ ಇಡೀ ಮಹಡಿಗೆ ಕೇಳುವಂತೆ ‘ಓದಿಬಿಟ್ಟ!’ ಎಂದು ಕೂಗಿದರು. ಸಂಜೆಯ ಹೊತ್ತಿಗೆ ಅವನು ನೀಲಿ ಬಣ್ಣದ ಸೋಪಿನ ಪುಡಿಯ ಪ್ಯಾಕೆಟನ್ನೂ ‘ನಂದಿನಿ’ ಎಂದು ಓದಿದ್ದ. ಈ ವಯಸ್ಸಿನ ಮಕ್ಕಳು ಓದುವುದು ಬಣ್ಣವನ್ನು, ಆಕಾರವನ್ನು. ಅದೇ ಹೆಸರನ್ನು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸುಮ್ಮನಾಗುತ್ತಾರೆ.

ತಾತ ಮಾಡಿದ್ದೆಲ್ಲ ತಪ್ಪು ಅಂದರೆ ಅನ್ಯಾಯವಾದೀತು. ಉಪ್ಪು ಕಾಗದದಿಂದ ಅಕ್ಷರ ಕತ್ತರಿಸಿ, ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಅಂಟಿಸಿ, ಮಕ್ಕಳ ಬೆರಳು ಹಿಡಿದು ಅದರ ಮೇಲೆ ಆಡಿಸುತ್ತಾರೆ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದಿಳಿದ ಮರಿಯಾ ಮಾಂಟೆಸೊರಿಯ ಪದ್ಧತಿಯಲ್ಲೂ ಇಂಥ ಅಕ್ಷರಗಳಿದ್ದವು. ಕಣ್ಣು ಮರೆತರೂ ಬೆರಳು ಮರೆಯದು ಎಂಬ ನಂಬಿಕೆ. ‘ಬ’ದ ಮೇಲೆ ಬೆರಳಾಡಿಸಿದ ಎರಡನೇ ಮಹಡಿಯ ಹುಡುಗಿ ಈಗ ಅದನ್ನು ಕತ್ತಲಲ್ಲೂ ಗುರುತಿಸುತ್ತಾಳೆ. ‘ಭ’ವನ್ನು ಮಾತ್ರ ಹಗಲಲ್ಲೂ ಒಪ್ಪುವುದಿಲ್ಲ.

ಈ ಉಪ್ಪು ಕಾಗದ ಮೊದಲು ಕತ್ತರಿಸಿದ್ದು ಡಲ್ಲಾಸಿನ ಮೊಮ್ಮಗಳಿಗಾಗಿ. ಅದು ವಿಡಿಯೊ ಕರೆಯಲ್ಲಿ ಪ್ರಯೋಜನಕ್ಕೆ ಬಾರದೆ ತಾತ ಸ್ಲೇಟು ಹಿಡಿದರು. ತಮ್ಮ ಪರದೆಯಲ್ಲಿ ಅಕ್ಷರ ತಿರುಗುಮುರುಗಾಗಿ ಕಂಡದ್ದರಿಂದ, ಕಷ್ಟಪಟ್ಟು ಕನ್ನಡಿ ಬರಹ ಕಲಿತು ಅದನ್ನು ನೆಟ್ಟಗೆ ಮಾಡಿಕೊಂಡರು. ತಿರುಗುವುದು ನಮ್ಮ ಪರದೆಯಲ್ಲಿ ಮಾತ್ರ, ಆಚೆಯವರಿಗೆ ಸರಿಯಾಗೇ ಕಾಣುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೂಸು ತಿಂಗಳುಗಟ್ಟಲೆ ಉಲ್ಟಾ ಕನ್ನಡ ಕಲಿಯಿತು. ‘ಠ’ ಒಂದು ಹೆಚ್ಚುಕಡಿಮೆ ಬಚಾವಾಯಿತು. ಅವಳೀಗ ಅಲ್ಲಿಯ ಶಾಲೆಗೆ ಹೋಗುತ್ತಾಳೆ. ಭಾನುವಾರಕ್ಕೊಮ್ಮೆ ‘ಹಾಯ್ ತಾತಾ, ಬೈ ತಾತಾ’. ಇದು ತಿಳಿದ ಮೇಲೆ ಮೂರನೇ ಮಹಡಿಯವರು, ಗೊಣಗುತ್ತಲೇ ಆದರೂ, ಅವರು ಬೆಲ್ ಒತ್ತಿದಾಗ ಬಾಗಿಲು ತೆಗೆಯುತ್ತಾರೆ.

ಇತ್ತೀಚಿನ ಜಗಳ ಸೆಕ್ಯುರಿಟಿಯವರ ಮಗಳ ಜೊತೆ. ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನ ಹುಡುಗಿ ಗೇಟಿನ ಬಳಿ ಕೂತು ಗಗನ್‌ಗೆ ‘ರ ಗ ಸ ದ ಅ’ ಹೇಳಿಕೊಡುತ್ತಿದ್ದಳು. ತಾತ ಕೆರಳಿದರು. ‘ಅ ಆ ಬಿಟ್ಟು ರ ಇಂದ ಶುರುವೇ? ಹಾರ ಕಿತ್ತು ಮಣಿ ಚೆಲ್ಲಿದ ಹಾಗಾಯ್ತು!’ ಅದು ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯ ಕ್ರಮ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ, ಯುನಿಸೆಫ್ ನೆರವಿನಿಂದ ಶುರುವಾದದ್ದು. ಬರೆಯಲು ಸುಲಭವಾದ, ಕೂಡಿಸಿದರೆ ಪದವಾಗುವ ಅಕ್ಷರಗಳಿಗೆ ಅಲ್ಲಿ ಮೊದಲ ಮಣೆ. ಅ ಆ ಇ ಈ ಎಷ್ಟು ಸಲ ಕೂಡಿಸಿದರೂ ಒಂದು ಪದ ಹುಟ್ಟುವುದು ಕಷ್ಟ. ಈ ಐದರಲ್ಲಿ ಸರ, ದರ, ಅರಸ, ಅಗಸ ಎಲ್ಲ ಇವೆ.

ವಾದ ನಡೆದಿರುವಾಗಲೇ ಹುಡುಗಿ ನಾಲ್ಕು ಕಾರ್ಡು ಜೋಡಿಸಿದಳು. ಗಗನ್ ಬಗ್ಗಿ ನೋಡಿ, ‘ನನ್ನ ಗ ಎರಡಿದೆ’ ಅಂದ. ಆಮೇಲೆ ಒಂದೊಂದಾಗಿ ಬೆರಳಿಟ್ಟು ‘ಗ... ರ... ಗ... ಸ’ ಎಂದು ಓದಿದ. ತಾತ ಮಾತಿಲ್ಲದೆ ಎದ್ದು ಹೋದರು. ಸೋತರು ಎಂದೇ ಎಲ್ಲರೂ ಅಂದುಕೊಂಡರು. ಅವರು ಹೋದದ್ದು ಹಾರ್ಡ್‌ವೇರ್ ಅಂಗಡಿಗೆ. ಪದ ಓದಿದ ಮಗುವಿಗೆ ವಸ್ತು ತೋರಿಸದಿದ್ದರೆ ಹೇಗೆ ಎಂದು ಹೊಚ್ಚ ಹೊಸ ಗರಗಸ ತಂದು ಗಗನ್‌ನ ಮುಂದಿಟ್ಟರು.

ಗಗನ್ ಅದರ ಹಲ್ಲುಗಳನ್ನು ಬಹಳ ಹೊತ್ತು ನೋಡಿದ. ‘ಷ ಹೊಟ್ಟೆ ಸೀಳಿದ್ದು ಇದ್ರಲ್ಲೇನಾ?’

ಅವನ ಅಮ್ಮ ಗರಗಸವನ್ನು ಅಟ್ಟದ ಮೇಲಿಟ್ಟಿದ್ದಾಳೆ. ಮುಂದಿನ ಪದ ‘ಸರ’ ಎಂದು ತಾತ ಹೆಂಡತಿಯ ಎರಡೆಳೆ ಸರ ಕೇಳಿದ್ದಾರೆ. ಅವರು ಇನ್ನೂ ಕೊಟ್ಟಿಲ್ಲ.